ಮನೆಯೊಳಗೆ ಜೇಡ ಕಂಡರೆ ಕೈಕಾಲು ನಡುಗುತ್ತದಾ? ಮಲೆನಾಡಿನವರಿಗಾಗಿ ಒಂದು ವಿಡಿಯೋ

[ಪರದೆ: ಹಂಚಿನ ಮನೆಯ ಜಗಲಿ. ಹೊರಗೆ ಮಳೆ. ನಿರೂಪಕಿ ಕುರ್ಚಿಯಲ್ಲಿ ಕೂತಿದ್ದಾರೆ. ಜೇಡದ ಚಿತ್ರ ಎಲ್ಲೂ ಇಲ್ಲ.]

ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ವಿಡಿಯೋದ ಮೊದಲರ್ಧದಲ್ಲಿ ಜೇಡದ ಒಂದು ಚಿತ್ರವನ್ನೂ ತೋರಿಸುವುದಿಲ್ಲ. ಥಂಬ್‌ನೇಲ್‌ನಲ್ಲೂ ಹಾಕಿಲ್ಲ, ನೋಡಿ. ಆಮೇಲೆ ಗೆರೆಯಲ್ಲಿ ಬರೆದ ಒಂದು ಚಿತ್ರ ಬರುತ್ತದೆ. ನಂತರ ಫೋಟೋ. ಕೊನೆಗೆ ಅರ್ಧ ನಿಮಿಷ ಓಡಾಡುವ ಜೇಡ. ಪ್ರತಿ ಸಲವೂ ಮುಂಚೆ ಹೇಳಿಯೇ ತೋರಿಸುತ್ತೇನೆ. ಎದೆ ಹೊಡೆದುಕೊಳ್ಳಲು ಶುರುವಾದರೆ ಪಾಸ್ ಒತ್ತಿ. ಆದರೆ ಮೊಬೈಲ್ ಮಗುಚಿ ಇಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಜೇಡ ಕಂಡರೆ ಸುಮ್ನೆ ಮುಖ ಸಿಂಡರಿಸುವವರಿಗೆ ಈ ವಿಡಿಯೋ ಬೇಡ. ರಾತ್ರಿ ಬಚ್ಚಲಿಗೆ ಹೋಗಲು ಮನೆಯವರನ್ನು ಎಬ್ಬಿಸುವವರು, ಅಟ್ಟ ಹತ್ತುವುದನ್ನೇ ಬಿಟ್ಟವರು, ಮದುವೆಯಾಗಿ ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆ ಬಂದು ಮೊದಲ ಮಳೆಗಾಲಕ್ಕೇ ಕಂಗಾಲಾದವರು, ನೀವು ಕೂತು ಪೂರ್ತಿ ನೋಡಿ. ಗಂಡಸರಲ್ಲೂ ಈ ಭಯ ಇದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಮಲೆನಾಡಿನಲ್ಲಿ ಜೇಡವೇ ಇಲ್ಲದ ಮನೆ ಮಾಡುತ್ತೇನೆ ಅಂದರೆ ಆಗುವ ಹೋಗುವ ಮಾತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಷ್ಟು ಮಳೆ, ಅಷ್ಟು ಹಸಿರು ಇರುವಲ್ಲಿ ಹುಳಹುಪ್ಪಟೆಗೆ ಬರವಾ? ಸಂಜೆ ದೀಪ ಹಾಕಿದ ಕೂಡಲೇ ಮುತ್ತಿಕೊಳ್ಳುತ್ತವೆ. ಹುಳ ಬಂದಲ್ಲಿ ಅದನ್ನು ತಿನ್ನುವ ಜೇಡವೂ ಬರುತ್ತದೆ. ಹಂಚಿನ ಸಂದಿ, ಸೌದೆ ರಾಶಿ, ಅಡಿಕೆ ಚೀಲ, ಅಟ್ಟದ ಮೇಲಿನ ಹಳೇ ರಟ್ಟಿನ ಡಬ್ಬ, ಅಡಗಲು ಜಾಗ ಬೇಕಾದಷ್ಟು. ಆರ್‌ಸಿಸಿ ಮನೆ ಕಟ್ಟಿಸಿಕೊಂಡವರಿಗೂ ಕಿಟಕಿ ಅಂತ ಇದೆಯಲ್ಲ. ಹಾಗಾಗಿ ನಾವು ಕಡಿಮೆ ಮಾಡಬೇಕಾದ್ದು ನಮ್ಮ ಓಟವನ್ನು.

[ಪರದೆ: ಖಾಲಿ ಗೋಡೆ. ಮಳೆಯ ಸದ್ದು.]

ಈ ಭಯ ಎಲ್ಲಿಂದ ಬರುತ್ತದೆ? ಸ್ವಲ್ಪ ಹುಟ್ಟಿನಿಂದ, ಜಾಸ್ತಿ ನೋಡಿ ಕಲಿತದ್ದು. 2017ರಲ್ಲಿ ಜರ್ಮನಿ ಮತ್ತು ಸ್ವೀಡನ್ನಿನ ಸಂಶೋಧಕರು ಆರು ತಿಂಗಳ ಕೂಸುಗಳಿಗೆ ಹೂವಿನ ಚಿತ್ರ, ಜೇಡದ ಚಿತ್ರ ಎರಡನ್ನೂ ತೋರಿಸಿದರು. ಜೇಡ ನೋಡುವಾಗ ಕೂಸುಗಳ ಕಣ್ಣಿನ ಪಾಪೆ ಹೆಚ್ಚು ಅಗಲವಾಯಿತು. ಅಂದರೆ ಮೈಯಲ್ಲಿ ಒಂದು ಎಚ್ಚರ ಮೊದಲೇ ಇದೆ. ಹಾಗಂತ ಆ ಕೂಸುಗಳೇನೂ ಕಿರುಚಲಿಲ್ಲ. ಕಿರುಚುವುದನ್ನು ನಾವು ಆಮೇಲೆ ಕಲಿಯುತ್ತೇವೆ, ಅಮ್ಮನನ್ನೋ ಅಕ್ಕನನ್ನೋ ನೋಡಿ.

ಭಯ ಬೇರು ಬಿಡುವುದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಚ್ಚಲಿನ ಗೋಡೆ ಮೇಲೆ ಜೇಡ ಕಂಡಿತು. ಎದೆ ಡವಡವ. ಬಾಗಿಲು ಎಳೆದುಕೊಂಡು ಓಡಿ ಬಂದಿರಿ. ಹೊರಗೆ ಬಂದ ಕೂಡಲೇ ಜೀವಕ್ಕೆ ಎಷ್ಟು ಹಾಯೆನಿಸಿತು, ಅಲ್ವಾ? ಯಡವಟ್ಟಾಗುವುದು ಈ ಹಾಯೆನಿಸುವ ಗಳಿಗೆಯಲ್ಲೇ. 'ಓಡಿದ್ದಕ್ಕೆ ಬಚಾವಾದೆ' ಎಂದು ಮಿದುಳು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ಜೇಡ ಏನೂ ಮಾಡುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಓಡದೆ ಅಲ್ಲೇ ನಿಂತರೆ ಏನಾಗುತ್ತದೆ? ಭಯ ಮೊದಲು ಏರುತ್ತದೆ. ಏರಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆಮೇಲೆ ತಾನಾಗಿ ಇಳಿಯುತ್ತದೆ. ಮೈ ಅಷ್ಟು ಹೊತ್ತು ಅದೇ ಬಿಗಿಯಲ್ಲಿ ಇರಲಾರದು. 'ತಲೆ ತಿರುಗಿ ಬಿದ್ದುಬಿಟ್ಟರೆ?' ಎಂಬ ಹೆದರಿಕೆ ಹಲವರಿಗಿದೆ. ಹಾಗೆ ಬೀಳುವುದು ರಕ್ತ, ಸೂಜಿ ಕಂಡು ಹೆದರುವವರಲ್ಲಿ ಜಾಸ್ತಿ. ಅವರಿಗೆ ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ. ಜೇಡದ ಭಯದಲ್ಲಿ ಸಾಮಾನ್ಯವಾಗಿ ಅದು ಏರುತ್ತದೆ. ಅದಕ್ಕೇ ಪಾಸ್ ಒತ್ತಿ, ಮೊಬೈಲ್ ಮಗುಚಬೇಡಿ ಅಂದದ್ದು.

ಇನ್ನೊಂದು ವಿಷಯ. ಭಯಕ್ಕೂ ಅಪಾಯಕ್ಕೂ ಲೆಕ್ಕ ಕೂಡಿಬರುವುದು ಕಡಿಮೆ. ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತು ಸಿಕ್ಕ ಮಂಗನ ಕಾಯಿಲೆ ಗೊತ್ತಲ್ಲ? ಅದನ್ನು ಹರಡುವ ಉಣುಗೂ ಎಂಟು ಕಾಲಿನದ್ದೇ, ಜೇಡದ ದೂರದ ನೆಂಟ. ಕಾಡಿಗೆ ಸೌದೆಗೋ ದರಕಿಗೋ ಹೋಗಿ ಬಂದು ಮೈ ಕೊಡವಿಕೊಳ್ಳದೆ ಊಟಕ್ಕೆ ಕೂರುವವರೇ ಗೋಡೆಯ ಜೇಡ ಕಂಡು ಚೀರುವುದನ್ನು ನಾನು ನೋಡಿದ್ದೇನೆ. ಉಣುಗಿಗೆ ಹೆದರಿ. ಅದು ಹೆದರಬೇಕಾದ್ದೇ.

[ಪರದೆ: ತೋಳಿನ ಮೇಲೆ ಕೆಂಪು ಗೆರೆಯಂಥ ಗುಳ್ಳೆಗಳ ರೇಖಾಚಿತ್ರ. ಜೇಡ ಇಲ್ಲ.]

ಈಗ 'ಜೇಡ ಉಚ್ಚೆ ಹೊಯ್ದಿದೆ' ಅನ್ನುವ ಮಾತಿಗೆ ಬರೋಣ. ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೋ ತೋಳಿನ ಮೇಲೋ ಉರಿಯುವ ಗುಳ್ಳೆ. ಮನೆಯ ಹಿರಿಯರು ನೋಡಿದ್ದೇ ಜೇಡದ ತಲೆಗೆ ಕಟ್ಟುತ್ತಾರೆ. ಪಾಪ, ಅದರದ್ದೇನೂ ಪಾತ್ರ ಇಲ್ಲ. ಜೇಡದ ಉಚ್ಚೆಯಿಂದ ಗುಳ್ಳೆ ಏಳುವುದಿಲ್ಲ. ಮಳೆಗಾಲದಲ್ಲಿ ಹೀಗಾದರೆ ಹೆಚ್ಚಾಗಿ ಕಾರಣ ಪೇಡರಸ್ ಎಂಬ ಸಣ್ಣ ಹುಳು. ಉದ್ದ 1 ಸೆಂ.ಮೀ. ಕೂಡ ಇಲ್ಲ. ಕಪ್ಪು, ಕಿತ್ತಳೆ ಪಟ್ಟೆ. ಇರುವೆ ಅಂದುಕೊಂಡು ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ದೀಪಕ್ಕೆ ಬಂದು ಹಾಸಿಗೆ ಮೇಲೆ ಬೀಳುತ್ತದೆ. ಇದು ಕಚ್ಚುವುದಿಲ್ಲ. ನಿದ್ದೆಗಣ್ಣಲ್ಲಿ ನಾವೇ ಕೈಯಿಂದ ಉಜ್ಜಿ ಅರೆಯುತ್ತೇವೆ. ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ. ಗುಳ್ಳೆ ಏಳುವುದು ಒಂದೆರಡು ದಿನದ ಮೇಲೆ. ಅಷ್ಟರಲ್ಲಿ ಹುಳು ನೆನಪಿರುವುದಿಲ್ಲ, ಮೂಲೆಯಲ್ಲಿ ಜೇಡ ಕಾಣುತ್ತದೆ!

ಗುರುತು ಹಿಡಿಯುವುದು ಕಷ್ಟವಲ್ಲ. ಕೈ ಎಳೆದ ದಿಕ್ಕಿಗೆ ಗುಳ್ಳೆಗಳೂ ಗೆರೆಯ ಹಾಗೆ ಇರುತ್ತವೆ. ಮೊಣಕೈ ಮಡಚುವ ಜಾಗದಲ್ಲಾದರೆ ಮೇಲೊಂದು, ಕೆಳಗೊಂದು, ಅಚ್ಚೊತ್ತಿದಂತೆ ಎದುರುಬದುರು ಬರುತ್ತದೆ. ಆ ಹುಳು ಮೈಮೇಲೆ ಕಂಡರೆ ಉಜ್ಜಬೇಡಿ, ಊದಿ ಹಾರಿಸಿ. ಅರೆದೇ ಬಿಟ್ಟಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಗುಳ್ಳೆ ಮೈಯ ಒಂದೇ ಬದಿಗೆ ಪಟ್ಟಿಯಂತೆ ಎದ್ದು, ಚುಚ್ಚುವ ನೋವಿದ್ದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೆ ಕಾರಣ ವೈರಸ್, ಹಿಂದೆ ಸೀತಾಳೆ ಸಿಡುಬು ತಂದದ್ದೇ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೇಡದ ಉಚ್ಚೆ ಅಂತ ಸೊಪ್ಪು ಅರೆದು ಹಚ್ಚುತ್ತಾ ಆ ಮೂರು ದಿನ ಕಳೆಯಬೇಡಿ.

[ಪರದೆಯ ಮೇಲೆ ಬರಹ: ಮುಂದೆ ಗೆರೆಯ ಚಿತ್ರ ಬರುತ್ತದೆ. ಹತ್ತು ಸೆಕೆಂಡ್ ಬಿಡುವು.]

[ಪರದೆ: ಕರಿಹಲಗೆ. ಸೀಮೆಸುಣ್ಣದಲ್ಲಿ ಎರಡು ಸೊನ್ನೆ, ಎಂಟು ಗೆರೆ.]

ಎರಡು ಸೊನ್ನೆ, ಎಂಟು ಗೆರೆ. ಮೈ ಎರಡೇ ಭಾಗ. ಕಾಲೆಲ್ಲ ಮುಂದಿನ ಭಾಗಕ್ಕೆ ಅಂಟಿಕೊಂಡಿವೆ. ಹೆದರುವವರನ್ನು ಕೇಳಿದರೆ ಬಹಳಷ್ಟು ಮಂದಿ ಹೇಳುವುದು ಒಂದೇ, 'ಆ ಕಾಲು!' ಹಾಗಾದರೆ ಕಾಲನ್ನೇ ನೋಡೋಣ. ನಾವು ಕೈ ಮಡಚುವುದೂ ಚಾಚುವುದೂ ಸ್ನಾಯುವಿನಿಂದ. ಜೇಡದ ಕಾಲಿನ ಮುಖ್ಯ ಗಂಟುಗಳಲ್ಲಿ ಮಡಚಲು ಸ್ನಾಯು ಇದೆ, ಚಾಚಲು ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಲ್ಲಿ ಕಾಲಿಗೆ ನುಗ್ಗಿಸಿ ಚಾಚುತ್ತದೆ, ಜೆಸಿಬಿಯ ಕೈ ಎಣ್ಣೆಯ ಒತ್ತಡದಲ್ಲಿ ಮೇಲೇಳುವ ಹಾಗೆ. ಸತ್ತಾಗ ಒತ್ತಡ ಹೋಗುತ್ತದೆ. ಅದಕ್ಕೇ ಸತ್ತ ಜೇಡದ ಕಾಲೆಲ್ಲ ಒಳಕ್ಕೆ ಮಡಚಿಕೊಂಡಿರುವುದು. ಇಲ್ಲಣ ಹೊಡೆಯುವಾಗ ಉದುರುವ ಮುದ್ದೆಗಳನ್ನು ನೋಡಿದ್ದೀರಲ್ಲ, ಅದೇ.

ಈಗ ಒಂದು ಪೆನ್ಸಿಲ್ ತಗೊಂಡು ನೀವೇ ಈ ಚಿತ್ರ ಬರೆಯಿರಿ. ಮಕ್ಕಳಾಟ ಅನ್ನಿಸಿದರೂ ಪರವಾಗಿಲ್ಲ. ಬರೆಯುವಾಗ ಕೈ ನಡುಗಿದರೆ ನಿಮಗೆ ಇವತ್ತಿನ ಪಾಠ ಇಷ್ಟೇ ಸಾಕು.

[ಪರದೆಯ ಮೇಲೆ ಬರಹ: ಮುಂದೆ ಮೂರು ಫೋಟೋ. ಹತ್ತು ಸೆಕೆಂಡ್ ಬಿಡುವು.]

[ಪರದೆ: ಕಿಟಕಿ ಸರಳಿನ ಮೇಲೆ ಪುಟ್ಟ ನೆಗೆಯುವ ಜೇಡ.]

ಮೊದಲು ಚಿಕ್ಕದು. ಕಿಟಕಿ, ಗೋಡೆ ಮೇಲೆ ಹಗಲಿನಲ್ಲಿ ಟಣ್ಣನೆ ನೆಗೆಯುತ್ತದಲ್ಲ, ಅದು. ಬಲೆ ನೇಯ್ದು ಬೇಟೆ ಹಿಡಿಯುವುದಿಲ್ಲ. ಕಣ್ಣಿಂದ ನೋಡಿ, ಗುರಿ ಇಟ್ಟು ನೆಗೆಯುತ್ತದೆ. ಒಟ್ಟು ಎಂಟು ಕಣ್ಣು, ಮುಂದಿನ ಎರಡು ದೊಡ್ಡವು. ನೀವು ಬೆರಳು ಆಡಿಸಿದರೆ ತಿರುಗಿ ನಿಮ್ಮನ್ನೇ ನೋಡುತ್ತದೆ. ಭಯ ಕಳೆಯಲು ಇದಕ್ಕಿಂತ ಒಳ್ಳೆ ಜೇಡ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

[ಪರದೆ: ಮೂಲೆಯ ಬಲೆಯಲ್ಲಿ ಉದ್ದ ಕಾಲಿನ ಜೇಡ.]

ಇದು ಮೂಲೆಯದ್ದು. ಕಡ್ಡಿ ಕಾಲು. ಮುಟ್ಟಿದರೆ ಬಲೆಯ ಸಮೇತ ಗಡಗಡ ಅಲುಗುತ್ತದೆ. ಜಗತ್ತಿನಲ್ಲೇ ಅತಿ ವಿಷದ್ದು ಅಂತ ವಾಟ್ಸ್ಯಾಪಿನಲ್ಲಿ ಬರುತ್ತದೆ. ಅದಕ್ಕೆ ಆಧಾರವಿಲ್ಲ. ಸೊಳ್ಳೆ ಹಿಡಿಯುತ್ತದೆ, ಇರಲಿ ಬಿಡಿ.

[ಪರದೆ: ಗೋಡೆ ಮೇಲೆ ದೊಡ್ಡ ಕಂದು ಜೇಡ.]

ಇದೇ ನೋಡಿ, ಬಚ್ಚಲಿನದ್ದು. ನಿಮ್ಮನ್ನು ಓಡಿಸುವ ಆಸಾಮಿ. ಹೆಟೆರೊಪೋಡ ವೆನಟೋರಿಯಾ ಎನ್ನುತ್ತಾರೆ. ಕಾಲೂ ಸೇರಿದರೆ 7ರಿಂದ 12 ಸೆಂ.ಮೀ. ಮೈ ಚಪ್ಪಟೆ, ಅದಕ್ಕೇ ಬಾಗಿಲ ಸಂದಿಯಲ್ಲೂ ತೂರುತ್ತದೆ. ಇದೂ ಬೇಟೆಗೆ ಬಲೆ ಕಟ್ಟುವುದಿಲ್ಲ. ರಾತ್ರಿ ಹೊರಟು ಜಿರಳೆ ಹಿಡಿಯುತ್ತದೆ. ನೀವು ದೀಪ ಹಾಕಿದಾಗ ಅದು ಓಡುವುದು ಬೆಳಕಿನಿಂದ ತಪ್ಪಿಸಿಕೊಳ್ಳಲು. ದಿಕ್ಕು ತಿಳಿಯದೆ ಕೆಲವು ಸಲ ನಿಮ್ಮ ಕಡೆಗೇ ಬರುತ್ತದೆ, ನಿಜ.

ಕಚ್ಚುತ್ತದಾ? ಕೈಯಲ್ಲಿ ಅದುಮಿದರೆ ಕಚ್ಚಬಹುದು. ನೋವು, ಸ್ವಲ್ಪ ಊತ. ಈ ಮೂರರಲ್ಲಿ ಯಾವುದೂ ಜೀವಕ್ಕೆ ಅಪಾಯ ತರುವಂಥದ್ದಲ್ಲ. ಹೊಟ್ಟೆಯಡಿ ಬಿಳಿ ಬಿಲ್ಲೆ ಹಿಡಿದುಕೊಂಡಿರುವುದು ಕಂಡರೆ ಅದು ಮೊಟ್ಟೆಯ ಚೀಲ. ಅಂಥದ್ದಕ್ಕೆ ಪೊರಕೆ ಬೀಸಬೇಡಿ. ಚೀಲ ಬಲಿತಿದ್ದರೆ ಹರಿದು ಮರಿಗಳೆಲ್ಲ ಚೆಲ್ಲಿ ಹೋಗಬಹುದು. ಒಂದು ಜೇಡಕ್ಕೆ ಹೆದರುವವರಿಗೆ ಅದು ಬೇಕಾ?

ತೋಟ, ಧರೆಯ ಮಾತು ಬೇರೆ. ಧರೆಯ ಮಣ್ಣಿನ ಬಿಲದಲ್ಲಿ, ಮರದ ಪೊಟರೆಯಲ್ಲಿ ರೋಮ ತುಂಬಿದ ದಪ್ಪ ಜೇಡಗಳಿರುತ್ತವೆ. ಅವು ಕಚ್ಚಿದರೆ ಜೋರು ನೋವು. ಬಿಲಕ್ಕೆ ಕೈ ಹಾಕಬಾರದು, ಕಚ್ಚಿದರೆ ಆಸ್ಪತ್ರೆಗೆ ಹೋಗಬೇಕು. ಆದರೆ ಬಿಲದಲ್ಲಿ ಹಾವೂ ಇರಬಹುದಲ್ಲ, ಕೈ ಹಾಕಬಾರದು ಅನ್ನುವುದನ್ನು ಮಲೆನಾಡಿನವರಿಗೆ ನಾನು ಹೇಳಬೇಕಾ!

[ಪರದೆಯ ಮೇಲೆ ಬರಹ: ಮುಂದೆ ಜೀವಂತ ಜೇಡದ ವಿಡಿಯೋ. ಹತ್ತು ಸೆಕೆಂಡ್ ಬಿಡುವು.]

[ಪರದೆ: ಗೋಡೆಯ ಮೇಲಿನ ಕಂದು ಜೇಡ, ಅದರ ಮೇಲೆ ಪ್ಲಾಸ್ಟಿಕ್ ಡಬ್ಬಿ.]

ಹಿಡಿದು ಹೊರಗೆ ಬಿಡುವುದನ್ನು ತೋರಿಸುತ್ತೇನೆ. ಲೋಟ ಬೇಡ, ಈ ಗಾತ್ರಕ್ಕೆ ಸಾಲುವುದಿಲ್ಲ, ಕಾಲು ಸಿಕ್ಕಿಕೊಳ್ಳುತ್ತದೆ. ಒಳಗಿನದ್ದು ಕಾಣುವ ಅಗಲ ಬಾಯಿಯ ಡಬ್ಬಿ ತಗೊಳ್ಳಿ. ಬೇಕರಿ ಡಬ್ಬಿ ಆದೀತು. ಜೊತೆಗೆ ಒಂದು ಮದುವೆ ಕರೆಯೋಲೆ. ದಪ್ಪ ಕಾಗದ ಬೇಕಲ್ಲ, ಕರೆಯೋಲೆಗೆ ಯಾವ ಮನೆಯಲ್ಲೂ ಕೊರತೆ ಇಲ್ಲ. ಡಬ್ಬಿಯನ್ನು ನಿಧಾನವಾಗಿ ಮೇಲಿಡಿ. ಗೋಡೆಗೂ ಡಬ್ಬಿಗೂ ನಡುವೆ ಕರೆಯೋಲೆ ತೂರಿಸಿ. ಅದು ತಾನೇ ಕಾಲು ಎತ್ತುತ್ತದೆ, ಅವಸರ ಬೇಡ. ಅಂಗಳದ ಆಚೆ ಬಿಡಿ.

ಇದನ್ನು ನೀವು ಮೊದಲ ದಿನವೇ ಮಾಡಬೇಕಿಲ್ಲ. ಬಾಗಿಲಲ್ಲಿ ನಿಂತು ನೋಡಿ. ಆಮೇಲೆ ಎರಡು ಹೆಜ್ಜೆ ಮುಂದೆ. ಇನ್ನೊಬ್ಬರು ಹಿಡಿಯುವಾಗ ಕರೆಯೋಲೆ ಕೊಡುವುದು ನಿಮ್ಮ ಕೆಲಸ. ಆಮೇಲೆ ಮುಚ್ಚಿದ ಡಬ್ಬಿ ಕೈಯಲ್ಲಿ ಹಿಡಿಯುವುದು. ಪ್ರತಿ ಮೆಟ್ಟಿಲಲ್ಲೂ ಭಯ ಇಳಿಯುವವರೆಗೆ ನಿಲ್ಲಿ, ಏರಿದಾಗ ಹಿಂದೆ ಬರಬೇಡಿ.

ಮನೆಯವರಿಗೂ ಎರಡು ಮಾತು. 'ಇಷ್ಟು ಸಣ್ಣ ಹುಳಕ್ಕೆ ಹೆದರ್ತೀಯಾ ಮಾರಾಯ್ತಿ' ಅಂತ ನಗಬೇಡಿ. ರಬ್ಬರ್ ಜೇಡ ತಂದು ಮೈಮೇಲೆ ಎಸೆಯುವ ಭಾವ, ಮೈದುನಂದಿರು ಆ ಕೈಚಳಕವನ್ನು ಬೇರೆಲ್ಲಾದರೂ ತೋರಿಸಲಿ. ಹಾಗೆಯೇ, ಕೂಗಿದ ಕೂಡಲೇ ಓಡಿ ಹೋಗಿ ಜೇಡ ಹೊಡೆದು ಕೊಡುವುದೂ ಉಪಕಾರವಲ್ಲ. ಪಕ್ಕದಲ್ಲಿ ಸುಮ್ನೆ ನಿಲ್ಲಿ, ಸಾಕು. ಸ್ಪ್ರೇ ಹೊಡೆಯುವುದೂ ಬೇಡ. ಜೇಡ ಹೆಚ್ಚಾಗಿ ತಕ್ಷಣ ಸಾಯುವುದಿಲ್ಲ, ಹುಚ್ಚಾಪಟ್ಟೆ ಓಡುತ್ತದೆ. ನೋಡುವವರ ಭಯ ಇಮ್ಮಡಿ. ಜೇಡ ಕಡಿಮೆಯಾಗಬೇಕಾದರೆ ರಾತ್ರಿ ಹೊರಗಿನ ದೀಪ ಆರಿಸಿ, ರಟ್ಟಿನ ಡಬ್ಬ ಗುಜರಿಗೆ ಹಾಕಿ.

[ಪರದೆ: ನಿರೂಪಕಿ. ಕೆಳಗೆ 14416 ಎಂಬ ಸಂಖ್ಯೆ.]

ಕೊನೆಯದಾಗಿ, ಇದು ಮನೆಮದ್ದಿಗೆ ಬಗ್ಗದ ಭಯವೂ ಇರಬಹುದು. ನಿದ್ದೆ ಹಾಳಾಗುತ್ತಿದೆ, ಕೆಲಸಕ್ಕೆ ಅಡ್ಡಿಯಾಗುತ್ತಿದೆ, ಆರು ತಿಂಗಳಾದರೂ ಹಾಗೇ ಇದೆ ಅಂದರೆ ವೈದ್ಯರ ಹತ್ತಿರ ಹೋಗಿ. ಮಾತ್ರೆ ನುಂಗಿಸುತ್ತಾರೆ ಎಂಬ ಹಿಂಜರಿಕೆ ಬೇಡ. ಇದಕ್ಕೆ ಮುಖ್ಯ ಚಿಕಿತ್ಸೆ ನಾವು ಈಗ ನೋಡಿದ ಮೆಟ್ಟಿಲುಗಳೇ, ತಿಳಿದವರು ಜೊತೆಗಿದ್ದು ಹತ್ತಿಸುತ್ತಾರೆ. ಸ್ವೀಡನ್ನಿನ ಲಾರ್ಸ್ ಗೊರಾನ್ ಓಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಹೆಚ್ಚೆಂದರೆ ಮೂರು ಗಂಟೆಯ ಒಂದೇ ಭೇಟಿಯಲ್ಲಿ ಇಂಥ ಭಯಕ್ಕೆ ಚಿಕಿತ್ಸೆ ಕೊಡುವ ವಿಧಾನವನ್ನು 1989ರಲ್ಲೇ ಪ್ರಕಟಿಸಿದರು. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಬಹುದು. ಹೋಗಲು ಮುಜುಗರವಾದರೆ ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 'ಜೇಡಕ್ಕೆ ಹೆದರುತ್ತೇನೆ' ಅಂದರೆ ಆ ಕಡೆಯವರು ನಗುವುದಿಲ್ಲ.