ಜಾಮ್ ಆದ ಬೋಲ್ಟ್‌ಗೆ ಒಂದು ರಾತ್ರಿ ಕೊಡಿ

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿಯಿತು. ಇನ್ನು ಕೆಲವು ವಾರ ನಮ್ಮ ಕರಾವಳಿಯ ಅಂಗಳಗಳಲ್ಲೆಲ್ಲ ಬೈಕು, ಸ್ಕೂಟರು ಬಿಚ್ಚುವ ಕೆಲಸ. ಇಲ್ಲಿ ಕೂತವರು ಹೆಚ್ಚಿನವರೂ ತಮ್ಮ ಗಾಡಿ ತಾವೇ ನೋಡಿಕೊಳ್ಳುವವರು. ಹಾಗಾಗಿ ಸ್ಪ್ಯಾನರ್ ಹಿಡಿಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಒಂದೇ ಮಾತು ಕೇಳಲು ಬಂದಿದ್ದೇನೆ. ಬೋಲ್ಟ್ ಮೊದಲ ಯತ್ನಕ್ಕೆ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಅದಕ್ಕೆ ಒಂದು ರಾತ್ರಿ ಕೊಡಿ.

ಯಾಕೆ ಅಂದರೆ, ಒಳಗೆ ಏನಾಗಿದೆ ಅಂತ ನೋಡಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಥ್ರೆಡ್‌ಗಳ, ಅಂದರೆ ಬೋಲ್ಟಿನ ತಿರುಪಿನ ಗೆರೆಗಳ, ನಡುವೆ ಇರುವ ಜಾಗ ಕೂದಲೆಳೆಯಷ್ಟು. ಉಬ್ಬಿದ ತುಕ್ಕು ಆ ಜಾಗವನ್ನೆಲ್ಲ ತುಂಬಿ ಒತ್ತಿ ಹಿಡಿಯುತ್ತದೆ. ಎಂಜಿನ್ ಕೇಸಿಂಗಿನಲ್ಲಿ ಕಥೆ ಸ್ವಲ್ಪ ಬೇರೆ. ಸ್ಟೀಲ್ ಬೋಲ್ಟ್, ಅಲ್ಯೂಮಿನಿಯಂ ಬಾಡಿ, ನಡುವೆ ಉಪ್ಪುನೀರು. ಇಷ್ಟು ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ಅಲ್ಲಿ ಸವೆಯುವುದು ಅಲ್ಯೂಮಿನಿಯಂ. ಬೋಲ್ಟ್ ತಲೆಯ ಸುತ್ತ ಬಿಳಿ ಪುಡಿ ಕಂಡರೆ ಕೈಯನ್ನು ಹಿಂದಕ್ಕೆ ತೆಗೆಯಿರಿ.

ಈಗ ಬಲದ ಲೆಕ್ಕ. 6 ಮಿಲಿಮೀಟರ್ ಬೋಲ್ಟನ್ನು ಬಿಗಿಯಲು ಸುಮಾರು 10 ನ್ಯೂಟನ್ ಮೀಟರ್ ಸಾಕು. ನ್ಯೂಟನ್ ಮೀಟರ್ ಅಂದರೆ ತಿರುಗಿಸುವ ಬಲದ ಅಳತೆ. 15 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಅದು ಸುಮಾರು 7 ಕಿಲೋ ಒತ್ತಡ. ಅದೇ ಕೈ, ಅದೇ 7 ಕಿಲೋ, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ 60 ಸೆಂಟಿಮೀಟರ್ ಮಾಡಿದರೆ 40 ನ್ಯೂಟನ್ ಮೀಟರ್. ಸಾಮಾನ್ಯ 6 ಮಿಲಿಮೀಟರ್ ಬೋಲ್ಟ್ ಅದನ್ನು ತಡೆಯುವುದಿಲ್ಲ. ಪೈಪ್ ಹಾಕಿದವರಿಗೆ ತಾವು ಜಾಸ್ತಿ ಬಲ ಹಾಕಿದ್ದೇ ಗೊತ್ತಾಗಿರುವುದಿಲ್ಲ, ಅಲ್ವಾ?

ನಮ್ಮ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಮಲ್ಪೆ ಬಂದರಿನಿಂದ ಮೀನು ತರುವವರೊಬ್ಬರು ಅವರ ಗ್ಯಾರೇಜಿಗೆ ಬೈಕ್ ತಂದರು. ಹಿಂದೆ ಮೀನಿನ ಪೆಟ್ಟಿಗೆ. ಐಸ್ ಕರಗಿದ ಉಪ್ಪುನೀರು ದಿನಾ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿಯುವ ತೋಳಿನ ಮೇಲೆ ತೊಟ್ಟಿಕ್ಕುತ್ತದೆ. ಹೀಗೆ ವರ್ಷಗಟ್ಟಲೆ. ಆ ತೋಳು ಆಡುವ ಜಾಗದ ಕೊಳವೆ, ಬುಷ್, ಸವೆದು ಹಿಂದಿನ ಚಕ್ರ ಅಲ್ಲಾಡುತ್ತಿದೆ. ಬುಷ್ ಬದಲಾಯಿಸಬೇಕಾದರೆ ಸ್ವಿಂಗ್ ಆರ್ಮಿನ ಉದ್ದ ಬೋಲ್ಟ್ ಹೊರಗೆ ಬರಬೇಕು. ನಟ್ ಬಂತು, ಬೋಲ್ಟ್ ಬರಲಿಲ್ಲ. ಒಳಗಿನ ಬುಷ್‌ಗೆ ಅಂಟಿ ಕೂತಿದೆ.

"ಅಣ್ಣಾ, ಇವತ್ತೇ ಬೇಕಿತ್ತು. ನಾಳೆ ಬೆಳಿಗ್ಗೆ ಐದಕ್ಕೆ ಬಂದರಿನಲ್ಲಿ ಇರಬೇಕು."

"ಇವತ್ತು ಮಾಡಿದರೆ ಬೋಲ್ಟ್ ತುಂಡಾಗ್ತದೆ ಮಾರಾಯ. ಆಮೇಲೆ ಒಂದು ವಾರ ನೀನು ನಡೆದೇ ಹೋಗ್ಬೇಕು. ನನ್ನ ಸ್ಕೂಟರ್ ತೆಗೊಂಡು ಹೋಗು."

ನನಗೆ ತುಂಬಾ ಇಷ್ಟವಾದದ್ದು ಇದೇ. ತನ್ನ ಸ್ಕೂಟರ್ ಕೊಟ್ಟು ಬೋಲ್ಟ್‌ಗೆ ಸಮಯ ತಂದುಕೊಟ್ಟರು. ಎರಡೂ ತುದಿಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿದರು. ಎಣ್ಣೆ ಬಿಟ್ಟರು. ಬೋಲ್ಟಿನ ತುದಿ ಚಪ್ಪಟೆಯಾಗಬಾರದು ಎಂದು ನಟ್ ಅನ್ನು ತುದಿಗೆ ಸಮವಾಗಿ ತಿರುಪಿಟ್ಟರು. ಆಮೇಲೆ ಬೇರೆ ಗಾಡಿಗಳ ಕೆಲಸ. ಆದರೆ ಆ ಕಡೆ ಹಾದು ಹೋಗುವಾಗಲೆಲ್ಲ ಸುತ್ತಿಗೆಯಿಂದ ನಾಲ್ಕು ಸಣ್ಣ ಏಟು, ಎರಡು ಹನಿ ಎಣ್ಣೆ. ಚಹಾ ಕುಡಿಯುತ್ತಾ ಎರಡು ಏಟು. ಸಣ್ಣ ಏಟಿಗೆ ತುಕ್ಕು ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಮಾರನೆಯ ದಿನ ಬೋಲ್ಟ್ ತಲೆಗೆ ರಿಂಗ್ ಸ್ಪ್ಯಾನರ್ ಹಾಕಿ ಮೊದಲು ಬಿಗಿಯುವ ಕಡೆಗೆ ತುಸು ತಿರುಗಿಸಿದರು. ಕಿರ್ ಅಂದಿತು. ಮತ್ತೆ ಈ ಕಡೆ, ಆ ಕಡೆ. ಮೂರನೆಯ ದಿನ ಹಿಂದಿನಿಂದ ಸರಳಿಟ್ಟು ಬಡಿದಾಗ ಇಡೀ ಬೋಲ್ಟ್ ಹೊರಗೆ. ತಲೆ ನೆಟ್ಟಗಿತ್ತು, ಥ್ರೆಡ್ ನೆಟ್ಟಗಿತ್ತು. ಇನ್ನೊಂದು ಗ್ಯಾರೇಜಿನಲ್ಲಿ ಇಂಥದೇ ಬೋಲ್ಟನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ, ಜತೆಗೆ ಸ್ವಿಂಗ್ ಆರ್ಮೂ ಹಾಳಾದದ್ದನ್ನು ನಾನು ನೋಡಿದ್ದೇನೆ.

ಯಾವ ಎಣ್ಣೆ ಅಂತ ಕೇಳುತ್ತೀರಿ. ಎಲ್ಲರ ಮನೆಯಲ್ಲೂ ಡಬ್ಲ್ಯುಡಿ-40 ಇರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ಅದನ್ನು ಮಾಡಿದ್ದು ನೀರು ಸರಿಸಿ ತುಕ್ಕು ತಡೆಯಲು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಬಳಸಿದರು. ಬೋಲ್ಟಿಗೂ ಅದು ಕೆಲಸ ಮಾಡುತ್ತದೆ. ಆದರೆ ಜಾಮ್ ಬಿಡಿಸಲೆಂದೇ ಬರುವ ಪೆನೆಟ್ರೇಟಿಂಗ್ ಆಯಿಲ್ ಇನ್ನೂ ಒಳ್ಳೆಯದು. ಏನೂ ಸಿಗದಿದ್ದರೆ ಡೀಸೆಲ್ ಆಗುತ್ತದೆ. ಯಾವುದಕ್ಕಾದರೂ ಒಂದು ರಾತ್ರಿ ಬೇಕು.

ಬಿಸಿಯ ವಿಷಯ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಬೋಲ್ಟನ್ನು ಬಿಟ್ಟು ಅದರ ಸುತ್ತಲಿನ ಕೇಸಿಂಗ್ ಬಿಸಿ ಮಾಡಿ. ಅದಕ್ಕೆ ಮೊದಲು ಎಣ್ಣೆ ಪೂರ್ತಿ ಒರೆಸಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಬೇಡವೇ ಬೇಡ. ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ವಿಷಗಾಳಿ ಆಗುತ್ತದೆ. ದಯವಿಟ್ಟು ಇದೊಂದು ನೆನಪಿಡಿ.

ಯಮಾಹಾ ಆರ್‌ಎಕ್ಸ್ 100 ಇರುವವರು ಕೈ ಎತ್ತಿ. ಇದ್ದೀರಿ! ಎಂಜಿನ್ ಕವರಿನ ಸ್ಕ್ರೂ ತಲೆ ಕೆಟ್ಟಿದೆಯಾ? ಅದು ನೋಡಲು ಫಿಲಿಪ್ಸ್ ತರಹ ಇದೆ, ಆದರೆ ಜಪಾನಿನ ಅಳತೆ, ಜೆಐಎಸ್. ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ತಿನ್ನುತ್ತದೆ. ಜೆಐಎಸ್ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತೆಗೆದುಕೊಳ್ಳಿ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಹುಡುಕಿ. ಅಂದ ಹಾಗೆ, ಯಮಾಹಾದ ಹಲವು ಬೈಕುಗಳಲ್ಲಿ ಬಲಗಡೆ ಕನ್ನಡಿಗೆ ಎಡ ಥ್ರೆಡ್, ಅಂದರೆ ಉಲ್ಟಾ ತಿರುಗಿಸಿದರೆ ಬಿಚ್ಚುವುದು. ಅದು ಜಾಮ್ ಆಗಿರುವುದಿಲ್ಲ. ನಾವೇ ಬಿಗಿಯುತ್ತಾ ಇರುತ್ತೇವೆ!

ಹತ್ತು ನಿಮಿಷ ಅಂತ ಚೀಟಿ ಬಂತು. ತುಂಡಾದ ಬೋಲ್ಟ್ ಬಗ್ಗೆ ಬೇಗ ಹೇಳುತ್ತೇನೆ.

ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಬಿಸಿಗೇ ಅರ್ಧ ಜಾಮ್ ಬಿಡುತ್ತದೆ. ಬ್ಯಾಟರಿ ಕನೆಕ್ಷನ್ ಮೊದಲೇ ತೆಗೆದಿಡಿ. ಒಳಗೇ ಮುರಿದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆಯಿರಿ, ಆಮೇಲೆ ಡ್ರಿಲ್. ಉಲ್ಟಾ ತಿರುಗಿ ಕೊರೆಯುವ ಎಡಗೈ ಡ್ರಿಲ್ ಬಿಟ್ ಸಿಕ್ಕಿದರೆ ಕೊರೆಯುವಾಗಲೇ ತುಂಡು ತಿರುಗಿ ಹೊರಗೆ ಬರಬಹುದು. ಈಸಿ-ಔಟ್, ಅಂದರೆ ಕೊರೆದ ತೂತಿಗೆ ಹಾಕಿ ತುಂಡನ್ನು ತಿರುಗಿಸಿ ತೆಗೆಯುವ ಸಲಕರಣೆ, ಕೊನೆಗೆ. ಅದು ತುಂಬಾ ಗಟ್ಟಿ, ಆದರೆ ಪೆಡಸು. ಒಳಗೆ ಮುರಿದರೆ ನಮ್ಮ ಮನೆಯ ಡ್ರಿಲ್ ಅದನ್ನು ಕೊರೆಯಲಾರದು. ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಮಾಡುವ ಕಡೆ ಒಯ್ಯಬೇಕಾಗುತ್ತದೆ. ಹಾಗಾಗಿ ಈಸಿ-ಔಟನ್ನೂ ಒಂದು ರಾತ್ರಿ ಎಣ್ಣೆ ಕೊಟ್ಟೇ ತಿರುಗಿಸಿ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿಯ ಸುರುಳಿ, ಹಾಕಿಸಬಹುದು, ಎಂಜಿನ್ ಹೆಡ್ ಬಿಸಾಡಬೇಡಿ.

ಜೋಡಿಸುವಾಗ ಥ್ರೆಡ್ ಸ್ವಚ್ಛ ಮಾಡಿ, ಮತ್ತೆ ಜಾಮ್ ಆಗದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಿ. ಹಚ್ಚಿದ ಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, ಸ್ವಲ್ಪ ಕಡಿಮೆ ಮಾಡಿ, ಜಾರುವುದರಿಂದ ಬೋಲ್ಟ್ ಜಾಸ್ತಿ ಎಳೆಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆ ಮಾತ್ರ.

ಉಳಿದದ್ದನ್ನು ಮಾಡಿಯೇ ತೋರಿಸುತ್ತೇನೆ. ಹೊರಗೆ ಬೆಂಚಿನ ಮೇಲೆ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ಮುರಿದ ಎರಡು ಎಂಜಿನ್ ಹೆಡ್ ಇಟ್ಟಿದ್ದೇನೆ. ನಿನ್ನೆ ಸಂಜೆಯೇ ಎಣ್ಣೆ ಬಿಟ್ಟಿದ್ದೇನೆ. ವೆಲ್ಡಿಂಗ್ ಮಾಡುವವರೂ ಬಂದಿದ್ದಾರೆ. ಚಹಾ ಮುಗಿಸಿ ಅಲ್ಲಿಗೆ ಬನ್ನಿ. ವೆಲ್ಡಿಂಗ್ ಕನ್ನಡಕ ಕಡಿಮೆ ಇವೆ, ಸರದಿಯಲ್ಲಿ ನೋಡಿ. ಮಕ್ಕಳನ್ನು ಸ್ವಲ್ಪ ದೂರ ನಿಲ್ಲಿಸಿ.