ದಿನಕ್ಕೆ 30 ಮನೆ: ಲೆವಿಟ್‌ಟೌನ್ ಕಟ್ಟಿದ್ದು ಹೇಗೆ, ಅದರ ಬಾಗಿಲು ಮುಚ್ಚಿದ್ದು ಯಾರಿಗೆ

[ಪರದೆ: ಮೇಲಿನಿಂದ ತೆಗೆದ ಕಪ್ಪು-ಬಿಳುಪು ಫೋಟೋ. ಒಂದೇ ಅಳತೆಯ ಮನೆಗಳು ಸಾಲು ಸಾಲಾಗಿ]

ನಮಸ್ಕಾರ. ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಇತಿಹಾಸ ಓದುವವರಿಗೆ ಈ ಫೋಟೋ ಪರಿಚಯ ಇರುತ್ತೆ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿರುವ ಲೆವಿಟ್‌ಟೌನ್ ಇದು. ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ 1947ರಿಂದ 1951ರ ಒಳಗೆ 17,447 ಮನೆಗಳು ಎದ್ದವು. ಪರೀಕ್ಷೆಯ ಉತ್ತರದಲ್ಲಿ ಸಾಮಾನ್ಯವಾಗಿ ಇದನ್ನು 'ಮಧ್ಯಮ ವರ್ಗದ ಏಕರೂಪದ ಬದುಕು' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಮನೆ ಇಷ್ಟು ಅಗ್ಗ ಆಗಿದ್ದು ಹೇಗೆ? ಒಂದು ಕಾರಣ ಕಟ್ಟುವ ಕ್ರಮ, ಇನ್ನೊಂದು ಸರ್ಕಾರ ನಿಂತು ಕೊಡಿಸಿದ ಸಾಲ. ಆ ಮನೆಗಳಲ್ಲಿ ಯಾರು ಇರಬಹುದು, ಯಾರು ಇರಕೂಡದು ಅನ್ನೋದನ್ನು ತೀರ್ಮಾನಿಸಿದ್ದೂ ಆ ಸಾಲದ ನಿಯಮಗಳೇ.

ಮೊದಲು ಕಟ್ಟಡಕ್ಕೆ ಬರೋಣ.

[ಪರದೆ: ಮನೆಯ ನಕ್ಷೆ. ಎರಡು ಮಲಗುವ ಕೋಣೆ, ಅಡುಗೆಮನೆ, ನಡುಮನೆ, ಬಚ್ಚಲು]

ಕಟ್ಟಿದ ಕಂಪನಿ ಲೆವಿಟ್ ಅಂಡ್ ಸನ್ಸ್. ಅಪ್ಪ ಅಬ್ರಹಾಂ, ವ್ಯವಹಾರ ನೋಡಿಕೊಳ್ಳುವ ಮಗ ವಿಲಿಯಂ, ನಕ್ಷೆ ತೆಗೆಯುವ ಇನ್ನೊಬ್ಬ ಮಗ ಆಲ್‌ಫ್ರೆಡ್. ಮೊದಲ ಮಾದರಿಯ ಮನೆ 750 ಚದರ ಅಡಿ. ಮೇಲೆ ಅಟ್ಟ ಇತ್ತು, ಆದರೆ ಅದನ್ನು ಅರ್ಧಕ್ಕೇ ಬಿಟ್ಟಿದ್ದರು. ಕೈಯಲ್ಲಿ ದುಡ್ಡು ಕೂಡಿದಾಗ ಮನೆಯವರೇ ಕೋಣೆ ಮಾಡಿಕೊಳ್ಳಲಿ ಅಂತ. ನಿವೇಶನ 60 ಅಡಿಗೆ 100 ಅಡಿ. ನಮ್ಮ 30-40 ಸೈಟ್ ಲೆಕ್ಕದಲ್ಲಿ ಐದು ಸೈಟ್ ಸೇರಿಸಿದಷ್ಟು ಜಾಗ, ಅದರಲ್ಲಿ ಮನೆ ಮಾತ್ರ ಪುಟ್ಟದು.

ಕಾರ್ಖಾನೆಯಲ್ಲಿ ಸಾಮಾನು ಸಾಗುತ್ತೆ, ಕೆಲಸಗಾರ ನಿಂತಲ್ಲೇ ನಿಂತಿರ್ತಾನೆ. ಇಲ್ಲಿ ಅದು ಉಲ್ಟಾ: ಮನೆ ನಿಂತಲ್ಲೇ ಇರುತ್ತೆ, ಕೆಲಸಗಾರರ ತಂಡ ಮನೆಯಿಂದ ಮನೆಗೆ ಸಾಗುತ್ತೆ. ಇಡೀ ಕೆಲಸವನ್ನು 27 ಹಂತಗಳಾಗಿ ಒಡೆದಿದ್ದರು. ಲಾರಿಗಳು ರಸ್ತೆಯುದ್ದಕ್ಕೂ 60 ಅಡಿಗೊಂದರಂತೆ ಒಂದೇ ಬಗೆಯ ಕಟ್ಟು ಇಳಿಸಿ ಹೋಗ್ತಿದ್ದವು: ಅಳತೆಗೆ ಮೊದಲೇ ಕೊಯ್ದ ಮರ, ಪೈಪು, ಇಟ್ಟಿಗೆ, ತಾಮ್ರದ ಕೊಳವೆ. ಹಿಂದೆಯೇ ತಂಡಗಳು ಬರ್ತಿದ್ದವು. ಬಿಳಿ ಬಣ್ಣ ಹೊಡೆಯುವವನು ಬಿಳಿಯನ್ನಷ್ಟೇ ಹೊಡೀತಿದ್ದ, ಕೆಂಪಿನವನು ಕೆಂಪನ್ನಷ್ಟೇ. ದಿನಗೂಲಿ ಇಲ್ಲ, ಮುಗಿಸಿದ ಕೆಲಸಕ್ಕೆ ತಕ್ಕಂತೆ ಹಣ. ಕಾರ್ಮಿಕ ಸಂಘದವರನ್ನು ಲೆವಿಟ್ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಹಾಗಾಗಿ ಬಣ್ಣ ಸಿಂಪಡಿಸುವ ಯಂತ್ರದಂಥವನ್ನು ಬೇಡ ಅನ್ನುವವರು ಅಲ್ಲಿ ಇರಲಿಲ್ಲ. ಮರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಕಂಪನಿ, ಮೊಳೆಯನ್ನೂ ತಾವೇ ಮಾಡಿಕೊಳ್ತಿದ್ದರು. ಕೆಲಸ ಬಿರುಸಾಗಿದ್ದಾಗ ದಿನಕ್ಕೆ 30ಕ್ಕೂ ಹೆಚ್ಚು ಮನೆ ಮುಗೀತಿದ್ದವು.

ಸಮಯ ಉಳಿಸಿದ ಎರಡು ಬದಲಾವಣೆಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಗೋಡೆಗೆ ಒಳಗಡೆ ಗಾರೆ ಬಿಟ್ಟು ಜಿಪ್ಸಂ ಹಲಗೆ ಹೊಡೆದಿದ್ದು. ಗಾರೆ ಒಣಗೋಕೆ ದಿನಗಟ್ಟಲೆ ಕಾಯಬೇಕು, ಹಲಗೆಗೆ ಕಾಯಬೇಕಿಲ್ಲ. ಎರಡು, ನೆಲಮಾಳಿಗೆ ಕೈಬಿಟ್ಟಿದ್ದು. ಆ ಭಾಗದಲ್ಲಿ ನೆಲಮಾಳಿಗೆ ಇಲ್ಲದ ಮನೆಗೆ ಸ್ಥಳೀಯ ನಿಯಮ ಅನುಮತಿ ಕೊಡ್ತಿರಲಿಲ್ಲ. 1947ರಲ್ಲಿ, ಲೆವಿಟ್‌ಟೌನ್ ಇರುವ ಹೆಂಪ್‌ಸ್ಟೆಡ್ ಟೌನ್ ಆಡಳಿತದ ಸಭೆಗೆ ಯುದ್ಧದಿಂದ ಮರಳಿದ, ಮನೆಯಿಲ್ಲದ ಸೈನಿಕರು ಕಿಕ್ಕಿರಿದು ಬಂದರು, ನಿಯಮ ಬದಲಾಯ್ತು. ಆಮೇಲೆ ನೆಲ ಸಮ ಮಾಡಿ, ಅದರ ಮೇಲೇ ಕಾಂಕ್ರೀಟ್ ಹಾಸು ಸುರಿದು, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಬಿಸಿನೀರು ಹರಿಯುವ ತಾಮ್ರದ ಕೊಳವೆಗಳನ್ನು ಆ ಹಾಸಿನೊಳಗೇ ಹುದುಗಿಸಿದರು.

ಮುಂದೆ ತೊಂದರೆ ಕೊಟ್ಟಿದ್ದು ಇದೇ. ದಪ್ಪ ಕಾಂಕ್ರೀಟ್ ಬಿಸಿಯಾಗೋಕೆ ಗಂಟೆಗಳು ಬೇಕು, ತಣ್ಣಗಾಗೋಕೂ ಅಷ್ಟೇ. ಹೊರಗೆ ಹವೆ ದಿಢೀರ್ ಬದಲಾದರೆ ಒಳಗಿನ ಬಿಸಿ ಅದಕ್ಕೆ ಹೊಂದಿಕೊಳ್ತಿರಲಿಲ್ಲ. ವರ್ಷಗಳು ಕಳೆದಂತೆ ಹಾಸು ಬಿರುಕು ಬಿಟ್ಟು, ತಾಮ್ರ ಸವೆದು, ಕೊಳವೆ ಸೋರತೊಡಗಿದವು. ಸೋರುವ ಜಾಗ ಹುಡುಕಬೇಕಂದ್ರೆ ನೆಲದ ಟೈಲ್ ಕಿತ್ತು ಕಾಂಕ್ರೀಟ್ ಒಡೀಬೇಕು. ಎಷ್ಟೋ ಮನೆಗಳಲ್ಲಿ ಕೊನೆಗೆ ಆ ಕೊಳವೆಗಳನ್ನು ಹಾಗೇ ಬಿಟ್ಟು, ಗೋಡೆಯ ಬುಡದಲ್ಲಿ ಹೊಸ ಹೀಟರ್ ಕೂರಿಸಿದರು.

ಇನ್ನು ದುಡ್ಡಿನ ಕಡೆಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

[ಪರದೆ: ಎರಡು ಕಾಲಂ. ಎಡಕ್ಕೆ '1920ರ ದಶಕ', ಬಲಕ್ಕೆ '1949']

1920ರ ದಶಕದಲ್ಲಿ ಅಮೆರಿಕದಲ್ಲಿ ಮನೆಸಾಲ ಅಂದ್ರೆ ಬೆಲೆಯ ಅರ್ಧದಷ್ಟನ್ನು ಕೈಯಿಂದ ಹಾಕಬೇಕಿತ್ತು. ಉಳಿದದ್ದಕ್ಕೆ ಮೂರರಿಂದ ಐದು ವರ್ಷ ಅವಧಿ. ಹೆಚ್ಚಿನ ಸಾಲಗಳಲ್ಲಿ ಅಷ್ಟು ವರ್ಷವೂ ಬಡ್ಡಿ ಮಾತ್ರ ಕಟ್ಟಿ, ಕೊನೆಗೆ ಅಸಲು ಒಂದೇ ಗಂಟಿನಲ್ಲಿ ತೀರಿಸಬೇಕು, ಇಲ್ಲವೇ ಸಾಲ ಹೊಸದು ಮಾಡಿಸಬೇಕು. 1929ರಲ್ಲಿ ಶುರುವಾದ ಆರ್ಥಿಕ ಮಹಾಕುಸಿತದಲ್ಲಿ ಬ್ಯಾಂಕುಗಳು ಹೊಸದು ಮಾಡಲು ಒಪ್ಪಲಿಲ್ಲ, ಲಕ್ಷಾಂತರ ಮನೆಗಳು ಜಪ್ತಿಯಾದವು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದ್ರೆ ಎಫ್‌ಎಚ್‌ಎ, ತಾನು ಸಾಲ ಕೊಡಲಿಲ್ಲ. ಬ್ಯಾಂಕ್ ಕೊಟ್ಟ ಸಾಲಕ್ಕೆ ವಿಮೆ ಮಾಡಿತು. ನಷ್ಟದ ಭಯ ಹೋಗಿದ್ದರಿಂದ ಬ್ಯಾಂಕುಗಳು ಕಡಿಮೆ ಮುಂಗಡಕ್ಕೆ, ದೀರ್ಘ ಅವಧಿಗೆ, ಅಸಲು-ಬಡ್ಡಿ ಸೇರಿದ ಸಮ ಕಂತಿನಲ್ಲಿ ಸಾಲ ಕೊಡತೊಡಗಿದವು. 1944ರ ಜೂನ್ 22ರಂದು ಸಹಿಯಾದ ಜಿಐ ಬಿಲ್ ಅನ್ನುವ ಕಾಯ್ದೆ ಮಾಜಿ ಸೈನಿಕರ ಮನೆಸಾಲಕ್ಕೆ ಸರ್ಕಾರಿ ಖಾತ್ರಿ ಸೇರಿಸಿತು, ಬಡ್ಡಿಯ ಮಿತಿ ಶೇಕಡ 4.

ಲೆವಿಟ್ ಮೊದಲು ಈ ಮನೆಗಳನ್ನು ತಿಂಗಳಿಗೆ 60 ಡಾಲರ್ ಬಾಡಿಗೆಗೆ ಕೊಟ್ಟ. 1949ರಲ್ಲಿ ಹೊಸ ಮಾದರಿ ಬಂತು, ಬೆಲೆ 7,990 ಡಾಲರ್. ಮಾಜಿ ಸೈನಿಕನಾದರೆ ಮುಂಗಡ ಸೊನ್ನೆ, ತಿಂಗಳ ಕಂತು 58 ಡಾಲರ್. ಬಾಡಿಗೆಗಿಂತ ಕಂತೇ ಕಡಿಮೆ! ಈ ಒಂದು ಲೆಕ್ಕ ಅರ್ಥವಾದರೆ ಜನ ಯಾಕೆ ನಗರ ಬಿಟ್ಟು ಹೊರಟರು ಅನ್ನೋದಕ್ಕೆ ಬೇರೆ ವಿವರಣೆ ಅಷ್ಟಾಗಿ ಬೇಕಿಲ್ಲ.

ಆದರೆ ವಿಮೆ ಮಾಡುವವರು ಷರತ್ತು ಹಾಕ್ತಾರೆ. 1930ರ ದಶಕದ ಎಫ್‌ಎಚ್‌ಎ ಕೈಪಿಡಿ, ಒಂದು ಬಡಾವಣೆಯಲ್ಲಿ ಬೇರೆ ಬೇರೆ ಜನಾಂಗದವರು ಸೇರಿದರೆ ಆಸ್ತಿಯ ಬೆಲೆ ಇಳಿಯುತ್ತೆ ಅಂತ ನಂಬಿ ಬರೆದದ್ದು. ಮನೆ ಬಿಳಿಯರಲ್ಲದವರಿಗೆ ಹೋಗದಂತೆ ಕ್ರಯಪತ್ರದಲ್ಲೇ ಷರತ್ತು ಸೇರಿಸಿ ಅಂತ ಅದು ಶಿಫಾರಸು ಮಾಡ್ತಿತ್ತು. ಇದು ಬರೀ ಕಾಗದದ ಮಾತಾಗಿ ಉಳಿಯಲಿಲ್ಲ. ಡೆಟ್ರಾಯಿಟ್‌ನಲ್ಲಿ ಕಪ್ಪು ಜನರ ಬಡಾವಣೆಯ ಪಕ್ಕ ಬಿಳಿಯರಿಗೆ ಮನೆ ಕಟ್ಟಲು ಹೊರಟ ಬಿಲ್ಡರ್‌ಗೆ ಎಫ್‌ಎಚ್‌ಎ ಬೆಂಬಲ ಸಿಗಲಿಲ್ಲ. 1941ರಲ್ಲಿ ಆತ ಎರಡರ ನಡುವೆ ಸುಮಾರು ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿಸಿದ. ಸಾಲಕ್ಕೆ ಒಪ್ಪಿಗೆ ಸಿಕ್ಕಿತು. ಆ ಗೋಡೆ ಈಗಲೂ ಇದೆ, ಒಂದು ಭಾಗದಲ್ಲಿ ಚಿತ್ರಗಳನ್ನು ಬರೆದಿದ್ದಾರೆ.

[ಪರದೆ: ಗೋಡೆಯ ಇಂದಿನ ಫೋಟೋ]

ಲೆವಿಟ್‌ಟೌನ್‌ನ ಮೊದಲ ಬಾಡಿಗೆ ಕರಾರಿನ 25ನೇ ಷರತ್ತು ಹೇಳ್ತಿದ್ದದ್ದು ಇದನ್ನೇ: ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡುವಂತಿಲ್ಲ, ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಹಿತ್ತಲಲ್ಲಿ ಬೇಲಿ ಹಾಕಬಾರದು, ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ವಾರಾಂತ್ಯದಲ್ಲಿ ಬಟ್ಟೆ ಹೊರಗೆ ಒಣಹಾಕಬಾರದು ಅನ್ನುವ ನಿಯಮಗಳೂ ಇದ್ದವು. ಏಕರೂಪದ ಬದುಕು ಅಂತ ಬರೆಯುವವರು ಹುಲ್ಲು, ಬಟ್ಟೆಯ ನಿಯಮಗಳನ್ನೇ ಹೆಚ್ಚಾಗಿ ಎತ್ತಿ ಹೇಳ್ತಾರೆ. ನಮ್ಮ ಪ್ರಕಾರ ನೀವು ಮೊದಲು ಬರೀಬೇಕಾದ್ದು 25ನೇ ಷರತ್ತು. ಅದೇ ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕನಿಗೂ ಜಿಐ ಬಿಲ್ ಕಾನೂನಿನಲ್ಲಿ ಅದೇ ಹಕ್ಕು ಇತ್ತು. ಆದರೆ ಸಾಲ ಮಂಜೂರು ಮಾಡೋದು ಊರಿನ ಬ್ಯಾಂಕ್. 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳ ಲೆಕ್ಕ ತೆಗೆದಾಗ, ಖಾತ್ರಿ ಪಡೆದ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು 2.

ಇಲ್ಲಿ ವಿದ್ಯಾರ್ಥಿಗಳು ಪದೇ ಪದೇ ಎಡವುವ ಜಾಗ ಒಂದಿದೆ. ಹಸಿರು, ನೀಲಿ, ಹಳದಿ, ಕೆಂಪು ಬಣ್ಣದ ನಗರ ನಕ್ಷೆಗಳನ್ನು ನೀವು ನೋಡಿರ್ತೀರಿ. ಯಾವ ಬಡಾವಣೆಗೆ ಸಾಲ ಕೊಡೋದು ಎಷ್ಟು ಅಪಾಯ ಅಂತ ಬಣ್ಣದಲ್ಲಿ ಗುರುತಿಸಿದ್ದು ಅವು, ಕೆಂಪು ಅಂದ್ರೆ ಅತಿ ಹೆಚ್ಚು ಅಪಾಯ. ಅವನ್ನು ಮಾಡಿದ್ದು ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್, ಅಂದ್ರೆ ಎಚ್‌ಒಎಲ್‌ಸಿ, ಅನ್ನುವ ಬೇರೆ ಸರ್ಕಾರಿ ಸಂಸ್ಥೆ, 1930ರ ದಶಕದ ಎರಡನೇ ಅರ್ಧದಲ್ಲಿ. ಆ ಸಂಸ್ಥೆ ತನ್ನ ಹೆಚ್ಚಿನ ಸಾಲಗಳನ್ನು ನಕ್ಷೆ ಬರೆಯುವ ಮೊದಲೇ ಕೊಟ್ಟಾಗಿತ್ತು, ಕಪ್ಪು ಕುಟುಂಬಗಳಿಗೂ ಕೊಟ್ಟಿತ್ತು. ಹಾಗಾಗಿ 'ಕೆಂಪು ಬಣ್ಣ ಬಳಿದರು, ಸಾಲ ನಿಂತಿತು' ಅನ್ನೋ ನೇರ ವಾಕ್ಯ ಸಾಲದು. ಹೊಸ ಬಡಾವಣೆಗಳ ವಿಷಯದಲ್ಲಿ ಬಿಗಿಯಾಗಿ ಕೆಲಸ ಮಾಡಿದ್ದು ಎಫ್‌ಎಚ್‌ಎ ವಿಮೆಯ ನಿಯಮಗಳು. ನಕ್ಷೆ ತೋರಿಸಿ, ಆದರೆ ವಾದವನ್ನು ಕೈಪಿಡಿಯ ಮೇಲೆ ನಿಲ್ಲಿಸಿ.

ಕಾನೂನು ಬದಲಾಯ್ತು, ನಿಧಾನಕ್ಕೆ. 1948ರ ಮೇ ತಿಂಗಳಲ್ಲಿ, ಶೆಲ್ಲಿ ವಿರುದ್ಧ ಕ್ರೇಮರ್ ಪ್ರಕರಣದಲ್ಲಿ, ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಲೆವಿಟ್ ಕರಾರಿನಿಂದ ಷರತ್ತು ತೆಗೆದ, ಮಾರಾಟದ ರೀತಿ ಬದಲಿಸಲಿಲ್ಲ. ಹೊಸದಾಗಿ ಇಂಥ ಷರತ್ತು ನೋಂದಾಯಿಸಿದ ಆಸ್ತಿಗೆ ವಿಮೆ ಕೊಡೋದನ್ನು ಎಫ್‌ಎಚ್‌ಎ ನಿಲ್ಲಿಸಿದ್ದು 1950ರ ಫೆಬ್ರವರಿಯಲ್ಲಿ. ಆದರೆ ಬಾಯಿಮಾತಿನಲ್ಲಿ 'ನಿಮಗೆ ಕೊಡಲ್ಲ' ಅನ್ನುವ ಬಿಲ್ಡರ್‌ಗೆ ಅದರಿಂದ ಅಡ್ಡಿಯಾಗಲಿಲ್ಲ. 1957ರ ಆಗಸ್ಟ್‌ನಲ್ಲಿ, ಇದೇ ಕಂಪನಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಇನ್ನೊಂದು ಲೆವಿಟ್‌ಟೌನ್‌ಗೆ ಬಿಲ್ ಮತ್ತು ಡೈಸಿ ಮೈಯರ್ಸ್ ಕುಟುಂಬ ಬಂತು, ಅಲ್ಲಿಗೆ ಬಂದ ಮೊದಲ ಕಪ್ಪು ಕುಟುಂಬ. ಅವರು ಮನೆ ಕೊಂಡಿದ್ದು ಕಂಪನಿಯಿಂದಲ್ಲ, ಹಿಂದಿನ ಮಾಲೀಕರಿಂದ. ರಾತ್ರಿಗಳಲ್ಲಿ ನೂರಾರು ಜನ ಮನೆ ಮುಂದೆ ಸೇರಿದರು, ಕಲ್ಲು ಬಿದ್ದು ಕಿಟಕಿ ಒಡೆಯಿತು, ರಾಜ್ಯ ಪೊಲೀಸರು ಬರಬೇಕಾಯ್ತು. ಕುಟುಂಬ ಜಾಗ ಬಿಟ್ಟು ಕದಲಲಿಲ್ಲ.

ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗ ಭೇದವನ್ನು ನಿಷೇಧಿಸುವ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಒಂದು ವಾರಕ್ಕೆ. ಅಷ್ಟರಲ್ಲಿ 1949ರಲ್ಲಿ ಕಂತು ಶುರು ಮಾಡಿದವರು ಸುಮಾರು 19 ವರ್ಷ ಕಂತು ಕಟ್ಟಿದ್ದರು. 7,990 ಡಾಲರ್‌ನ ಮನೆ ಆ ಬೆಲೆಗೆ ಎಲ್ಲೂ ಇರಲಿಲ್ಲ. ಏರಿದ ಬೆಲೆಯೆಲ್ಲ ಮೊದಲೇ ಒಳಗಿದ್ದವರ ಪಾಲಾಯ್ತು. ಮಕ್ಕಳ ಕಾಲೇಜಿಗೆ, ಅವರ ಮೊದಲ ಮನೆಯ ಮುಂಗಡಕ್ಕೆ ಎಷ್ಟೋ ಮನೆಗಳಲ್ಲಿ ಅದೇ ದುಡ್ಡು ಒದಗಿತು.