ಒಂದು ಪ್ರಶ್ನೆ ಜಾಸ್ತಿ

ಕೇಳುಗರಿಗೆ ನಮಸ್ಕಾರ. ಕೇಸಿಗೆ ಒಳ್ಳೆಯ ವಕೀಲರನ್ನು ಹುಡುಕುವುದು ಹೇಗೆ ಅಂತ ಇವತ್ತು ನನ್ನ ಅನುಭವ ಹೇಳುತ್ತೇನೆ.

ಸೋಮವಾರಪೇಟೆ ಕಡೆ ನನ್ನದೊಂದು ಸಣ್ಣ ಕಾಫಿ ತೋಟ ಇದೆ. ಕೆಲವು ವರ್ಷದ ಹಿಂದೆ ಪಕ್ಕದ ತೋಟದವರ ಜೊತೆ ಗಡಿ ತಕರಾರು ಬಂತು. ಜಗಳ ಇದ್ದದ್ದು 28 ಸಿಲ್ವರ್ ಮರಗಳಿಗೆ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ. ಇಷ್ಟಕ್ಕೆ ಕೋರ್ಟಾ ಅಂತ ನಗಬಹುದು. ಮೆಣಸಿಗೆ ರೇಟ್ ಬಂದ ವರ್ಷ ಯಾರೂ ನಗಲ್ಲ ಬಿಡಿ.

ನಾನು ಹಿಡಿದ ಮೊದಲ ವಕೀಲರ ಆಫೀಸಿನಲ್ಲಿ ಗೋಡೆ ತುಂಬ ಪುಸ್ತಕ. ಕೂತು ಐದು ನಿಮಿಷ ಆಗಿರಲಿಲ್ಲ, "ಇದು ಗೆದ್ದ ಕೇಸು, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿ" ಅಂದರು. ಆರ್‌ಟಿಸಿ ಮುಂದಿಟ್ಟೆ. ಮಡಚಿದ್ದನ್ನು ಬಿಚ್ಚಿಯೂ ನೋಡಲಿಲ್ಲ. ನನಗೆ ಅದೇ ಖುಷಿ! ನಾಡಿ ಹಿಡಿಯದೆ ಮದ್ದು ಬರೆಯುವ ಡಾಕ್ಟರ ಹತ್ತಿರ ನಾವು ಎರಡನೇ ಸಲ ಹೋಗುತ್ತೇವಾ? ವಕೀಲರ ವಿಷಯದಲ್ಲಿ ಮಾತ್ರ ಹೋಗುತ್ತೇವೆ.

ಸಿವಿಲ್ ಕೇಸಿನಲ್ಲಿ ನಮ್ಮ ಸಾಕ್ಷಿಯ ಮೊದಲ ಹೇಳಿಕೆ ಸಾಮಾನ್ಯವಾಗಿ ಅಫಿಡವಿಟ್‌ನಲ್ಲೇ ಹೋಗುತ್ತದೆ. ಕೂತು ಬರೆಸಿದ್ದು, ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಕೇಸಿನ ಬಣ್ಣ ಗೊತ್ತಾಗುವುದು ಪಾಟೀ ಸವಾಲಿನಲ್ಲಿ, ಅಂದರೆ ಸಾಕ್ಷಿಯನ್ನು ಎದುರು ಕಡೆಯ ವಕೀಲರು ಪ್ರಶ್ನಿಸುವಾಗ. ನಮ್ಮದರಲ್ಲಿ ಎದುರಿನವರ ಕಡೆಯ ಹಳೇ ಮೇಸ್ತ್ರಿ ಕಟಕಟೆಗೆ ಬಂದ. ವಯಸ್ಸಾದವನು, ಕೈ ಸ್ವಲ್ಪ ನಡುಗುತ್ತಿತ್ತು. ನಮ್ಮ ವಕೀಲರು, "ಆ ಮರಗಳ ಮೆಣಸು ಯಾರು ಕೊಯ್ಯಿಸುತ್ತಿದ್ದರು?" ಎಂದು ಕೇಳಿದರು. "ಇವರ ತಂದೆಯವರೇ" ಅಂದ. ನ್ಯಾಯಾಧೀಶರು ಅದನ್ನು ಹೇಳಿ ಟೈಪ್ ಮಾಡಿಸಿದರು. ನನಗೆ ಎದ್ದು ಕುಣಿಯುವಷ್ಟು ಸಂತೋಷ.

ಅಲ್ಲಿಗೇ ಕೂರಬೇಕಿತ್ತು. ಕೂರಲಿಲ್ಲ. "ಹಾಗಾದರೆ ನಿಮ್ಮ ಧಣಿ ಯಾಕೆ ಸುಮ್ಮನಿದ್ದರು?" ಎಂದು ಕೇಳಿಬಿಟ್ಟರು. ಮೇಸ್ತ್ರಿ ನನ್ನ ಕಡೆ ಒಂದು ಸಲ ನೋಡಿದ. "ಇವರ ತಂದೆ ಬಂದು ಕೇಳಿಕೊಂಡರು ಸ್ವಾಮಿ. ನಮ್ಮ ಧಣಿ, ಆಗಲಿ, ಕೊಯ್ದುಕೊಳ್ಳಿ ಅಂತ ಬಿಟ್ಟರು" ಅಂದ. ಅದನ್ನೂ ಟೈಪ್ ಮಾಡಿಸಿದರು. ಹಕ್ಕಿನಿಂದ ಕೊಯ್ದದ್ದು ಅನ್ನುತ್ತಿದ್ದೆವು. ಒಂದೇ ಉತ್ತರದಲ್ಲಿ ಕೇಳಿ ಪಡೆದದ್ದು ಅಂತಾಯಿತು.

ಆಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಸಾಮಾನ್ಯ ಕೇಸುಗಳ ವಿಚಾರಣೆ ಯಾರು ಬೇಕಾದರೂ ನೋಡಬಹುದು. ಮಕ್ಕಳ ಮೇಲಿನ ದೌರ್ಜನ್ಯದಂಥ ಕೇಸುಗಳಿಗೆ ಮಾತ್ರ ಬಾಗಿಲು ಹಾಕುತ್ತಾರೆ. ಮೊಬೈಲ್ ಆಫ್ ಮಾಡಿ ಸುಮ್ನೆ ಕೂತರೆ ಸಾಕು. ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಅಲ್ಲೇ ಹಾಳೆ ತಿರುವುತ್ತಿದ್ದಾರೆ, ಎರಡು ದಿನದಲ್ಲಿ ಗೊತ್ತಾಗುತ್ತದೆ. ದನಿ ಏರಿಸುವವರನ್ನು ನೋಡಿ ಮರುಳಾಗಬೇಡಿ. ನನಗೆ ಹಿಡಿಸಿದವರು ಚಿಕ್ಕ ಚಿಕ್ಕ ಪ್ರಶ್ನೆ ಕೇಳುತ್ತಿದ್ದರು. ಬೇಕಾದ ಉತ್ತರ ಬಂದ ಕೂಡಲೇ ಕೂತುಬಿಡುತ್ತಿದ್ದರು.

ಅವರ ಹತ್ತಿರ ಹೋದೆ. ಕಾಗದ ಎಲ್ಲ ಓದಿ, "ಇದು ಬಾಣೆಯಾ, ಸಾಗುವಾ? ಪಟ್ಟೇದಾರರು ಯಾರು?" ಎಂದರು. ಬಾಣೆ ಅಂದರೆ ಗದ್ದೆಗೆ ಸೇರಿಕೊಂಡ ಕಾಡು ಜಮೀನು, ಸಾಗು ಅಂದರೆ ಬೇಸಾಯದ ಜಮೀನು, ಪಟ್ಟೇದಾರರು ಅಂದರೆ ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿರುವವರು. ಕೊಡಗಿನ ಜಮೀನಿನ ಕೇಸಿಗೆ ಇದು ಗೊತ್ತಿಲ್ಲದ ವಕೀಲರು ಎಷ್ಟು ದೊಡ್ಡವರಾದರೂ ಕಷ್ಟ. ಬೆಂಗಳೂರಿನಿಂದ ಹೆಸರಾಂತವರನ್ನು ಕರೆಸುವವರೂ ಇದ್ದಾರೆ. ಮಳೆಗಾಲದಲ್ಲಿ ಅವರು ಬಂದು ತಲುಪುವ ಹೊತ್ತಿಗೆ ಕೇಸು ಮುಂದಿನ ವಾಯಿದೆಗೆ ಹೋಗಿರುತ್ತದೆ. ಪೆಟ್ರೋಲ್ ದುಡ್ಡು ಮಾತ್ರ ನಮ್ಮದು.

ಆಮೇಲೆ ಕೇಳಿದ್ದು, "ನಿಮ್ಮ ಕಡೆ ತಪ್ಪೇನಿದೆ? ಅದನ್ನು ಮೊದಲು ಹೇಳಿ." ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೆಣಸು ಕೊಯ್ಯಲು ಒಪ್ಪಿಗೆ ಕೇಳಿ ನಮ್ಮ ತಂದೆ ಪಕ್ಕದವರಿಗೆ ಬರೆದುಕೊಟ್ಟಿದ್ದ ಒಂದು ಚೀಟಿಯ ವಿಷಯ ಹೇಳಿದೆ. ಮೊದಲಿನವರು ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. "ಅವರಿಗೆ ಇದು ಗೊತ್ತಿದ್ದಿದ್ದರೆ ಆ ಪ್ರಶ್ನೆಯ ಹತ್ತಿರವೇ ಹೋಗುತ್ತಿರಲಿಲ್ಲ" ಅಂದರು. ಅಂದರೆ ಎಡವಿದ್ದು ಒಬ್ಬರೇ ಅಲ್ಲ, ಅಲ್ವಾ?

ದುಡ್ಡಿನ ಮಾತು ಮೊದಲೇ ಆಡಿ. ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು, ಸಾಕ್ಷಿಯ ದಿನ ಅವರೇ ಬರುತ್ತಾರಾ, ಜೂನಿಯರ್‌ನ ಕಳಿಸುತ್ತಾರಾ, ಎಲ್ಲ ಕೇಳಿ. ಗೆದ್ದರೆ ಇಷ್ಟು ಪರ್ಸೆಂಟ್ ಅನ್ನುವ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವೇ ಇಲ್ಲ. ವಕೀಲರನ್ನು ಬದಲಾಯಿಸುವಾಗ ಫೀಸು ಬಾಕಿ ಅಂತ ಹಳಬರು ನಿಮ್ಮ ಕಾಗದ ಹಿಡಿದಿಟ್ಟುಕೊಳ್ಳುವ ಹಾಗೂ ಇಲ್ಲ. ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಆದರೂ ಬಾಕಿ ಕೊಟ್ಟು ಬನ್ನಿ, ಅದು ಮರ್ಯಾದೆ.

ಸಮನ್ಸ್ ಬಂದಿದ್ದು ನಿಮಗಾದರೆ ಹುಡುಕಾಟ ಜಾಸ್ತಿ ಎಳೆಯಬೇಡಿ. 30 ದಿನದೊಳಗೆ ಉತ್ತರ ಹಾಕಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಫೀಸು ಕೊಡುವ ಶಕ್ತಿ ಇಲ್ಲವೇ? ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೇಳಬಹುದು. ನಮ್ಮ ಹಾಡಿಗಳ ಯರವರು, ಜೇನುಕುರುಬರು ಎಲ್ಲರಿಗೂ ಇದು ಸಿಗುತ್ತದೆ. ಫೋನ್ ಮಾಡುವವರು 15100ಕ್ಕೆ ಮಾಡಿ.

ನಮ್ಮ ಕೇಸು ಏನಾಯಿತು ಅಂತ ಕೇಳುತ್ತೀರಿ. ಹೊಸ ವಕೀಲರು ಒಂದು ದಿನ, "ಗೆಲ್ಲಬಹುದು, ಆದರೆ ಅವರು ಅಪೀಲು ಹೋಗುತ್ತಾರೆ, ರಾಜಿ ಮಾಡಿಕೊಳ್ಳಿ" ಅಂದರು. ಮುಂದೆ ಬರುವ ಫೀಸನ್ನು ಅವರೇ ಬಿಟ್ಟ ಹಾಗೆ. ಲೋಕ ಅದಾಲತ್‌ನಲ್ಲಿ ಮುಗಿಯಿತು. ಕೋರ್ಟ್ ಫೀಸೂ ವಾಪಸ್ ಬಂತು. 17 ಮರ ನಮಗೆ, 11 ಅವರಿಗೆ. ಗಡಿ ಕಲ್ಲು ನೆಡುವ ದಿನ ಪಕ್ಕದ ಮನೆಯಿಂದ ಬೆಲ್ಲದ ಕಾಫಿ ಬಂತು. ಬೆಲ್ಲ ಸ್ವಲ್ಪ ಜಾಸ್ತಿಯೇ ಇತ್ತು. ಕುಡಿದೆ.

ನಮಸ್ಕಾರ.